ಬೆಂಗಳೂರು ಓಪನ್ ೨೦೨೦ – ಪುರುಷರ ಡಬಲ್ಸ್

ಬೆಂಗಳೂರು ಓಪನ್ ಟೆನಿಸ್ ಪಂದ್ಯಾವಳಿಯ ೨೦೨೦ನೆಯ ವರ್ಷದ ಪುರುಷರ ಡಬಲ್ಸ್ ಸ್ಪರ್ಧೆಯು ಆ ವರ್ಷದ ಫೆಬ್ರುವರಿ ತಿಂಗಳಿನಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣದಲ್ಲಿ ನಡೆಯಿತು. ಭಾರತದ ಪೂರವ್ ರಾಜಾ ಮತ್ತು ರಾಮ್‌ಕುಮಾರ್ ರಾಮನಾಥನ್ ಜೋಡಿಯು ಫೆಬ್ರುವರಿ ೧೫ರಂದು ನಡೆದ ಅಂತಿಮ ಪಂದ್ಯದಲ್ಲಿ ಭಾರತದ ಲಿಯಾಂಡರ್ ಪೇಸ್ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೋಡಿಯನ್ನು ೬–೦, ೬–೩ ಸೆಟ್‌ಗಳಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ಇದು ಲಿಯಾಂಡರ್ ಪೇಸ್ ಅವರು ಭಾರತದ ನೆಲದಲ್ಲಿ ಆಡಿದ ಕೊನೆಯ ವೃತ್ತಿಪರ ಪಂದ್ಯಾವಳಿಯಾದುದರಿಂದ ಭಾರತೀಯ ಟೆನಿಸ್ ಇತಿಹಾಸದಲ್ಲಿ ವಿಶೇಷ ಸ್ಥಾನವನ್ನು ಪಡೆದಿದೆ.

ಎಟಿಪಿ ಚಾಲೆಂಜರ್ ಮಟ್ಟದ ಡಬಲ್ಸ್ ಸ್ಪರ್ಧೆಗಳಿಗೆ ಸಾಮಾನ್ಯವಾಗಿ ಹೆಚ್ಚಿನ ಪ್ರಚಾರ ದೊರೆಯುವುದಿಲ್ಲ. ಸಿಂಗಲ್ಸ್ ವಿಭಾಗದ ನೆರಳಿನಲ್ಲಿಯೇ ಅವು ಮುಗಿದುಹೋಗುತ್ತವೆ. ಆದರೆ ಭಾರತೀಯ ಟೆನಿಸ್ ಆಟಗಾರರು ವಿಶ್ವಮಟ್ಟವನ್ನು ತಲುಪಿದ ಮುಖ್ಯ ದಾರಿಯೆಂದರೆ ಡಬಲ್ಸ್. ಆ ದಾರಿಯ ಮೆಟ್ಟಿಲುಗಳು ಇಂತಹ ಪಂದ್ಯಾವಳಿಗಳೇ ಆಗಿವೆ. ೨೦೨೦ರ ಅಂತಿಮ ಪಂದ್ಯದಲ್ಲಿ ಆಡಿದ ನಾಲ್ವರ ಹಿಂದಿನ ಮತ್ತು ಮುಂದಿನ ವೃತ್ತಿಜೀವನವು ಇದಕ್ಕೆ ನಿದರ್ಶನವಾಗಿದೆ.

ಪಂದ್ಯಾವಳಿಯ ಹಿನ್ನೆಲೆ

ಬೆಂಗಳೂರು ಓಪನ್ ಪುರುಷರ ವೃತ್ತಿಪರ ಟೆನಿಸ್ ಪಂದ್ಯಾವಳಿಯಾಗಿದ್ದು, ಎಟಿಪಿ ಚಾಲೆಂಜರ್ ಟೂರ್‌ನ ಅಂಗವಾಗಿದೆ. ವೃತ್ತಿಪರ ಟೆನಿಸ್‌ನಲ್ಲಿ ಅತ್ಯುನ್ನತ ಸ್ಥಾನದಲ್ಲಿರುವುದು ನಾಲ್ಕು ಗ್ರ್ಯಾನ್ ಸ್ಲಾಮ್ ಪಂದ್ಯಾವಳಿಗಳು. ಅವುಗಳ ಕೆಳಗೆ ಎಟಿಪಿ ಟೂರ್‌ನ ಪಂದ್ಯಾವಳಿಗಳೂ, ಅದರ ಕೆಳಗೆ ಚಾಲೆಂಜರ್ ಪಂದ್ಯಾವಳಿಗಳೂ, ಎಲ್ಲಕ್ಕಿಂತ ಕೆಳಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ಪಂದ್ಯಾವಳಿಗಳೂ ಬರುತ್ತವೆ. ಕೆಳಗಿನ ಮಟ್ಟದಿಂದ ಮೇಲೇರುತ್ತಿರುವ ಯುವ ಆಟಗಾರರು, ಗಾಯದ ಬಳಿಕ ಮರಳುತ್ತಿರುವವರು ಹಾಗೂ ಕ್ರಮಾಂಕದಲ್ಲಿ ಕುಸಿದು ಮತ್ತೆ ಮೇಲೆ ಬರಲು ಯತ್ನಿಸುತ್ತಿರುವ ಹಿರಿಯರು ಚಾಲೆಂಜರ್ ಮಟ್ಟದಲ್ಲಿ ಎದುರಾಗುತ್ತಾರೆ.

ಚಾಲೆಂಜರ್ ಪಂದ್ಯಾವಳಿಗಳನ್ನು ವಿಜೇತರಿಗೆ ದೊರೆಯುವ ಅಂಕಗಳ ಆಧಾರದ ಮೇಲೆ ವರ್ಗೀಕರಿಸಲಾಗುತ್ತದೆ. ೨೦೨೦ರ ಬೆಂಗಳೂರು ಓಪನ್ 'ಚಾಲೆಂಜರ್ ೧೨೫' ವರ್ಗಕ್ಕೆ ಸೇರಿತ್ತು. ಅಂದರೆ ಸಿಂಗಲ್ಸ್ ವಿಜೇತನಿಗೂ, ಡಬಲ್ಸ್ ವಿಜೇತ ಜೋಡಿಯ ಪ್ರತಿಯೊಬ್ಬ ಆಟಗಾರನಿಗೂ ೧೨೫ ಅಂಕಗಳು ಲಭಿಸುತ್ತಿದ್ದವು. ಪಂದ್ಯಾವಳಿಯ ಒಟ್ಟು ಬಹುಮಾನದ ಮೊತ್ತ ೧,೬೨,೪೮೦ ಅಮೆರಿಕನ್ ಡಾಲರ್ ಆಗಿತ್ತು. ಇದರಲ್ಲಿ ಡಬಲ್ಸ್‌ಗೆ ಸಲ್ಲುವ ಪಾಲು ಸಿಂಗಲ್ಸ್‌ನ ಪಾಲಿಗಿಂತ ಕಡಿಮೆ. ಆ ಮೊತ್ತವನ್ನೂ ಜೋಡಿಯ ಇಬ್ಬರು ಹಂಚಿಕೊಳ್ಳಬೇಕು. ಆದಕಾರಣ ಈ ಮಟ್ಟದಲ್ಲಿ ಹಣಕ್ಕಿಂತ ಅಂಕಗಳೇ ಆಟಗಾರರಿಗೆ ಮುಖ್ಯವಾಗಿರುತ್ತವೆ.

ಪಂದ್ಯಾವಳಿಯು ಪ್ರತಿವರ್ಷವೂ ಒಂದೇ ಅವಧಿಯಲ್ಲಿ ನಡೆದಿಲ್ಲ. ೨೦೧೭ ಮತ್ತು ೨೦೧೮ರಲ್ಲಿ ನವೆಂಬರ್ ತಿಂಗಳಿನಲ್ಲಿ ನಡೆದ ಇದು ೨೦೧೯ರಲ್ಲಿ ನಡೆಯದೆ, ೨೦೨೦ರಲ್ಲಿ ಫೆಬ್ರುವರಿ ತಿಂಗಳಿಗೆ ಬದಲಾಯಿತು. ೨೦೨೦ರ ಸಿಂಗಲ್ಸ್ ಪ್ರಶಸ್ತಿಯನ್ನು ಆಸ್ಟ್ರೇಲಿಯಾದ ಜೇಮ್ಸ್ ಡಕ್‌ವರ್ತ್ ಅವರು ಫ್ರಾನ್ಸಿನ ಬೆಂಜಮಿನ್ ಬೊಂಜಿ ಅವರನ್ನು ಸೋಲಿಸಿ ಪಡೆದರು. ಕೋವಿಡ್ ಸಾಂಕ್ರಾಮಿಕದ ಕಾರಣ ೨೦೨೧ರಲ್ಲಿ ಪಂದ್ಯಾವಳಿ ನಡೆಯಲಿಲ್ಲ.

ಕ್ರೀಡಾಂಗಣ

೧೮೦೯ರಲ್ಲಿ ಬ್ರಿಟಿಷ್ ಸೇನೆಯು ಬೆಂಗಳೂರಿನಲ್ಲಿ ನೆಲೆಯೂರಿದ ಮೇಲೆ ಹಳೆಯ ಪೇಟೆಯ ಪೂರ್ವಕ್ಕೆ ಕಂಟೋನ್ಮೆಂಟ್ ಎಂಬ ಪ್ರತ್ಯೇಕ ಪಟ್ಟಣವು ಬೆಳೆಯಿತು. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್, ಕುಕ್ ಟೌನ್ ಮೊದಲಾದ ಬಡಾವಣೆಗಳು ಈ ಭಾಗಕ್ಕೆ ಸೇರಿದವು. ಪೇಟೆ ಮತ್ತು ಕಂಟೋನ್ಮೆಂಟ್‌ಗಳ ನಡುವಿನ ಬಯಲಿನಲ್ಲಿ ೧೮೭೦ರಲ್ಲಿ ಕಬ್ಬನ್ ಉದ್ಯಾನವನ್ನು ನಿರ್ಮಿಸಲಾಯಿತು. ಲಾನ್ ಟೆನಿಸ್ ಆಟವು ಇಂಗ್ಲೆಂಡಿನಲ್ಲಿ ಈಗಿನ ರೂಪವನ್ನು ಪಡೆಯತೊಡಗಿದುದು ೧೮೭೦ರ ದಶಕದಲ್ಲಿ. ಭಾರತದ ಇತರ ಸೇನಾನೆಲೆಗಳಂತೆ ಇಲ್ಲಿಯೂ ಆಟವು ಮೊದಲು ಬ್ರಿಟಿಷ್ ಅಧಿಕಾರಿಗಳ ನಡುವೆ ಹರಡಿ, ಬಳಿಕ ಊರಿನವರದಾಯಿತು.

ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣವು ಈ ಉದ್ಯಾನದೊಳಗಿದೆ. ಅಂಕಣಗಳು ಗಟ್ಟಿ ನೆಲದವು. ೨೦೦೬ರಿಂದ ೨೦೦೮ರವರೆಗೆ ಮಹಿಳೆಯರ ಡಬ್ಲ್ಯುಟಿಎ ಪಂದ್ಯಾವಳಿ ಬೆಂಗಳೂರಿನಲ್ಲಿ ನಡೆದಿದ್ದು, ೨೦೦೮ರಲ್ಲಿ ಅಮೆರಿಕದ ಸೆರೆನಾ ವಿಲಿಯಮ್ಸ್ ಅವರು ಪ್ರಶಸ್ತಿ ಪಡೆದಿದ್ದರು. ಡೇವಿಸ್ ಕಪ್ ಪಂದ್ಯಗಳಿಗೂ ಕಬ್ಬನ್ ಉದ್ಯಾನದ ಕ್ರೀಡಾಂಗಣವು ಆತಿಥ್ಯ ವಹಿಸಿದೆ. ನಮ್ಮ ಮೆಟ್ರೊದ ನೇರಳೆ ಮಾರ್ಗದಲ್ಲಿ ಇಂದಿರಾನಗರ ಮತ್ತು ಹಲಸೂರು ಕಡೆಯಿಂದ ಬರುವವರು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಯ ಊರುಗಳಿಗಿಂತ ಕಡಿಮೆಯಿರುವುದರಿಂದ ಚೆಂಡಿಗೆ ತಡೆ ಕಡಿಮೆಯಾಗಿ ಅದು ವೇಗವಾಗಿ ಸಾಗುತ್ತದೆ. ಬಲವಾದ ಸರ್ವ್ ಇರುವವರಿಗೂ, ಬಲೆಯ ಬಳಿ ನಿಂತು ಚೆಂಡನ್ನು ನೆಲಕ್ಕೆ ಬೀಳಗೊಡದೆ ಹೊಡೆಯುವವರಿಗೂ ಇದು ಅನುಕೂಲ. ಡಬಲ್ಸ್ ಆಟಕ್ಕೆ ಈ ಎರಡೂ ಗುಣಗಳು ಮುಖ್ಯವಾಗಿವೆ.

ಡಬಲ್ಸ್ ಆಟದ ಸ್ವರೂಪ

ಟೆನಿಸ್ ಅಂಕಣದ ಉದ್ದ ೨೩.೭೭ ಮೀಟರ್. ಸಿಂಗಲ್ಸ್‌ಗೆ ೮.೨೩ ಮೀಟರ್ ಅಗಲವನ್ನು ಬಳಸಿದರೆ ಡಬಲ್ಸ್‌ಗೆ ೧೦.೯೭ ಮೀಟರ್ ಅಗಲವನ್ನು ಬಳಸಲಾಗುತ್ತದೆ. ಎರಡೂ ಬದಿಗಳಲ್ಲಿ ೧.೩೭ ಮೀಟರ್ ಅಗಲದ ಪಟ್ಟಿಗಳು ಸೇರಿಕೊಳ್ಳುವುದೇ ಈ ವ್ಯತ್ಯಾಸಕ್ಕೆ ಕಾರಣ. ಅಂಕಣ ಹಿಗ್ಗಿದರೂ ಆಡುವವರು ಇಮ್ಮಡಿಯಾಗುವುದರಿಂದ ಪ್ರತಿಯೊಬ್ಬ ಆಟಗಾರನು ಕಾಯಬೇಕಾದ ಜಾಗವು ಸಿಂಗಲ್ಸ್‌ಗಿಂತ ಕಡಿಮೆಯಾಗುತ್ತದೆ. ಹೀಗಾಗಿ ದೀರ್ಘಕಾಲ ಓಡುವ ಶಕ್ತಿಗಿಂತ ಕ್ಷಣಾರ್ಧದ ಪ್ರತಿಕ್ರಿಯೆ, ಸರಿಯಾದ ಸ್ಥಳದಲ್ಲಿ ನಿಲ್ಲುವ ಜಾಣ್ಮೆ, ಎದುರಾಳಿಯ ಮನಸ್ಸನ್ನು ಓದುವ ಅನುಭವ ಮತ್ತು ಜೊತೆಗಾರನೊಂದಿಗಿನ ಹೊಂದಾಣಿಕೆ ಇಲ್ಲಿ ಹೆಚ್ಚು ಬೆಲೆಯುಳ್ಳವು. ಸಿಂಗಲ್ಸ್ ಆಟಗಾರರು ನಿವೃತ್ತರಾಗುವ ವಯಸ್ಸಿನಲ್ಲಿಯೂ ಡಬಲ್ಸ್ ಆಟಗಾರರು ಉನ್ನತ ಮಟ್ಟದಲ್ಲಿ ಆಡಬಲ್ಲರು.

ಎಟಿಪಿ ಪಂದ್ಯಾವಳಿಗಳ ಡಬಲ್ಸ್‌ನಲ್ಲಿ ೨೦೦೬ರಿಂದ ಎರಡು ವಿಶೇಷ ನಿಯಮಗಳು ಜಾರಿಯಲ್ಲಿವೆ. ಮೊದಲನೆಯದು, ಗೇಮ್ ಒಂದರಲ್ಲಿ ಎರಡೂ ಕಡೆಯವರು ೪೦–೪೦ ತಲುಪಿದಾಗ ಅಂದರೆ 'ಡ್ಯೂಸ್' ಆದಾಗ, ಎರಡು ಅಂಕಗಳ ಅಂತರಕ್ಕಾಗಿ ಕಾಯದೆ ಒಂದೇ ನಿರ್ಣಾಯಕ ಅಂಕದಿಂದ ಗೇಮ್ ತೀರ್ಮಾನವಾಗುತ್ತದೆ. ಆ ಅಂಕಕ್ಕೆ ಸರ್ವ್ ಅನ್ನು ಅಂಕಣದ ಯಾವ ಬದಿಯಲ್ಲಿ ಎದುರಿಸಬೇಕೆಂಬುದನ್ನು ಸರ್ವ್ ಪಡೆಯುವ ಜೋಡಿಯು ಆಯ್ದುಕೊಳ್ಳುತ್ತದೆ. ಎರಡನೆಯದು, ಎರಡೂ ಜೋಡಿಗಳು ಒಂದೊಂದು ಸೆಟ್ ಗೆದ್ದರೆ ಪೂರ್ಣ ಪ್ರಮಾಣದ ಮೂರನೆಯ ಸೆಟ್ ಆಡದೆ, ಹತ್ತು ಅಂಕಗಳ ಟೈಬ್ರೇಕ್ ಆಡಲಾಗುತ್ತದೆ. ಇದರಲ್ಲಿ ಕನಿಷ್ಠ ಎರಡು ಅಂಕಗಳ ಅಂತರದಿಂದ ಮೊದಲು ಹತ್ತು ಅಂಕ ತಲುಪಿದ ಜೋಡಿಗೆ ಜಯ ದೊರೆಯುತ್ತದೆ. ಪಂದ್ಯದ ಅವಧಿಯನ್ನು ತಗ್ಗಿಸುವುದು ಈ ನಿಯಮಗಳ ಉದ್ದೇಶ. ಇವುಗಳಿಂದಾಗಿ ಒಂದೆರಡು ಅಂಕಗಳು ಪಂದ್ಯದ ಗತಿಯನ್ನೇ ಬದಲಿಸುವ ಸಾಧ್ಯತೆಯೂ ಹೆಚ್ಚಿದೆ.

ಸ್ಪರ್ಧೆಯ ವಿಧಾನ

ಚಾಲೆಂಜರ್ ಡಬಲ್ಸ್‌ನಲ್ಲಿ ಸಾಮಾನ್ಯವಾಗಿ ೧೬ ಜೋಡಿಗಳು ಕಣಕ್ಕಿಳಿಯುತ್ತವೆ. ಮೊದಲ ಸುತ್ತು, ಎಂಟರ ಘಟ್ಟ, ನಾಲ್ಕರ ಘಟ್ಟ ಮತ್ತು ಅಂತಿಮ ಪಂದ್ಯ ಹೀಗೆ ನಾಲ್ಕು ಪಂದ್ಯಗಳನ್ನು ಗೆದ್ದ ಜೋಡಿಗೆ ಪ್ರಶಸ್ತಿ ಲಭಿಸುತ್ತದೆ. ಸೋತ ಜೋಡಿಯು ಕೂಡಲೇ ಹೊರಬೀಳುತ್ತದೆ. ಜೋಡಿಯ ಇಬ್ಬರ ಕ್ರಮಾಂಕಗಳನ್ನು ಕೂಡಿಸಿ ಪ್ರವೇಶವನ್ನೂ ಶ್ರೇಯಾಂಕವನ್ನೂ ನಿರ್ಧರಿಸಲಾಗುತ್ತದೆ. ಕ್ರಮಾಂಕದ ಬಲದಿಂದ ಪ್ರವೇಶ ದೊರೆಯದ ಕೆಲವು ಜೋಡಿಗಳಿಗೆ ಸಂಘಟಕರು 'ವೈಲ್ಡ್ ಕಾರ್ಡ್' ಎಂಬ ವಿಶೇಷ ಪ್ರವೇಶವನ್ನು ನೀಡಬಹುದು. ಸ್ಥಳೀಯ ಯುವ ಆಟಗಾರರಿಗೆ ದೊಡ್ಡ ಅಂಕಣದ ಪರಿಚಯವಾಗುವುದು ಬಹುಮಟ್ಟಿಗೆ ಈ ಮಾರ್ಗದಿಂದಲೇ.

ಎಟಿಪಿ ಡಬಲ್ಸ್ ಕ್ರಮಾಂಕವು ಜೋಡಿಗೆ ಸೇರಿದುದಲ್ಲ, ವ್ಯಕ್ತಿಗೆ ಸೇರಿದುದು. ಆಟಗಾರನು ಜೊತೆಗಾರನನ್ನು ಬದಲಿಸಿದರೂ ತಾನು ಗಳಿಸಿದ ಅಂಕಗಳನ್ನು ತನ್ನೊಂದಿಗೆ ಒಯ್ಯುತ್ತಾನೆ. ಹೀಗೆ ಗಳಿಸಿದ ಅಂಕಗಳು ೫೨ ವಾರಗಳ ಬಳಿಕ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಆದ್ದರಿಂದ ಡಬಲ್ಸ್ ಲೋಕದಲ್ಲಿ ಒಂದು ವಾರ ಜೊತೆಗಾರರಾಗಿದ್ದವರು ಮುಂದಿನ ವಾರ ಎದುರಾಳಿಗಳಾಗುವುದು ಸಾಮಾನ್ಯ ಸಂಗತಿಯಾಗಿದೆ.

ಲಿಯಾಂಡರ್ ಪೇಸ್ ಮತ್ತು ಬೆಂಗಳೂರು

ಲಿಯಾಂಡರ್ ಪೇಸ್ ಅವರು ೧೯೭೩ರ ಜೂನ್ ೧೭ರಂದು ಕೋಲ್ಕತ್ತದಲ್ಲಿ ಜನಿಸಿದರು. ಅವರ ತಂದೆ ವೇಸ್ ಪೇಸ್ ೧೯೭೨ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಪಡೆದ ಭಾರತ ಹಾಕಿ ತಂಡದ ಸದಸ್ಯರಾಗಿದ್ದರು. ಲಿಯಾಂಡರ್ ಅವರು ೧೯೯೦ರಲ್ಲಿ ಜೈಪುರದಲ್ಲಿ ಜಪಾನ್ ವಿರುದ್ಧ ಝೀಶಾನ್ ಅಲಿ ಅವರ ಜೊತೆಗೂಡಿ ಡೇವಿಸ್ ಕಪ್ ಆಟವನ್ನು ಆರಂಭಿಸಿದರು. ೧೯೯೬ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಕಂಚಿನ ಪದಕ ಗೆದ್ದರು. ಪುರುಷರ ಡಬಲ್ಸ್‌ನಲ್ಲಿ ಎಂಟು ಮತ್ತು ಮಿಶ್ರ ಡಬಲ್ಸ್‌ನಲ್ಲಿ ಹತ್ತು, ಒಟ್ಟು ೧೮ ಗ್ರ್ಯಾನ್ ಸ್ಲಾಮ್ ಪ್ರಶಸ್ತಿಗಳನ್ನು ಪಡೆದರು. ೧೯೯೨ರಿಂದ ೨೦೧೬ರವರೆಗೆ ಸತತವಾಗಿ ಏಳು ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಭಾಗವಹಿಸಿದರು.

ಪೇಸ್ ಅವರ ವೃತ್ತಿಜೀವನದಲ್ಲಿ ಕಬ್ಬನ್ ಉದ್ಯಾನದ ಕ್ರೀಡಾಂಗಣವು ಗೆಲುವಿಗೂ ನೋವಿಗೂ ಸಾಕ್ಷಿಯಾಗಿದೆ. ೨೦೧೪ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಸರ್ಬಿಯಾ ವಿರುದ್ಧ ಡೇವಿಸ್ ಕಪ್ ವಿಶ್ವ ಗುಂಪಿನ ಪ್ಲೇಆಫ್ ನಡೆಯಿತು. ಮೊದಲ ದಿನದ ಎರಡೂ ಸಿಂಗಲ್ಸ್ ಪಂದ್ಯಗಳಲ್ಲಿ ಭಾರತ ಸೋತಿತ್ತು. ಡಬಲ್ಸ್‌ನಲ್ಲಿ ಪೇಸ್ ಮತ್ತು ಕೊಡಗಿನ ರೋಹನ್ ಬೋಪಣ್ಣ ಜೋಡಿಯು ನೆನಾದ್ ಜಿಮೊಂಜಿಚ್ ಮತ್ತು ಇಲಿಯಾ ಬೊಜೊಲ್ಯಾಚ್ ಅವರೆದುರು ಮೊದಲ ಎರಡು ಸೆಟ್‌ಗಳನ್ನು ಕಳೆದುಕೊಂಡೂ ಮುಂದಿನ ಮೂರನ್ನು ಗೆದ್ದು, ೧–೬, ೬–೭, ೬–೩, ೬–೩, ೮–೬ರಿಂದ ಜಯ ಸಾಧಿಸಿತು. ಸೋಮದೇವ್ ದೇವವರ್ಮನ್ ಅವರ ಗೆಲುವಿನಿಂದ ಸ್ಪರ್ಧೆ ೨–೨ ಸಮಸ್ಥಿತಿಗೆ ಬಂದರೂ ಕೊನೆಯ ಪಂದ್ಯದಲ್ಲಿ ಸೋತ ಭಾರತ ೨–೩ರಿಂದ ಪರಾಭವಗೊಂಡಿತು.

೨೦೧೭ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿಯೇ ಉಜ್ಬೇಕಿಸ್ತಾನದ ವಿರುದ್ಧ ಡೇವಿಸ್ ಕಪ್ ಪಂದ್ಯಗಳು ನಡೆದವು. ಆಗ ಪೇಸ್ ಅವರು ಡೇವಿಸ್ ಕಪ್ ಡಬಲ್ಸ್‌ನಲ್ಲಿ ೪೨ ಗೆಲುವುಗಳನ್ನು ಗಳಿಸಿ ಇಟಲಿಯ ನಿಕೊಲಾ ಪಿಯೆತ್ರಾಂಜೆಲಿ ಅವರ ವಿಶ್ವದಾಖಲೆಗೆ ಸಮನಾಗಿದ್ದರು. ಇನ್ನೊಂದು ಗೆಲುವು ದೊರೆತಿದ್ದರೆ ದಾಖಲೆಯು ಅವರೊಬ್ಬರದೇ ಆಗುತ್ತಿತ್ತು. ಆದರೆ ತಂಡದ ಆಡದ ನಾಯಕರಾಗಿದ್ದ ಮಹೇಶ್ ಭೂಪತಿ ಅವರು ಡಬಲ್ಸ್‌ಗೆ ಬೋಪಣ್ಣ ಅವರನ್ನು ಆಯ್ದುಕೊಂಡು ಪೇಸ್ ಅವರನ್ನು ಅಂತಿಮ ನಾಲ್ವರ ತಂಡದಿಂದ ಹೊರಗಿಟ್ಟರು. ಒಂದು ಕಾಲದಲ್ಲಿ ಪೇಸ್ ಅವರ ಜೊತೆಗಾರರಾಗಿದ್ದ ಭೂಪತಿ ೧೯೯೯ರಲ್ಲಿ ಅವರೊಂದಿಗೆ ನಾಲ್ಕೂ ಗ್ರ್ಯಾನ್ ಸ್ಲಾಮ್ ಅಂತಿಮ ಪಂದ್ಯಗಳನ್ನು ತಲುಪಿ, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಪ್ರಶಸ್ತಿಗಳನ್ನು ಗೆದ್ದಿದ್ದರು. ಹೀಗಾಗಿ ಈ ತೀರ್ಮಾನವು ದೇಶದಾದ್ಯಂತ ಚರ್ಚೆಗೆ ಎಡೆಮಾಡಿತು. ಆ ಸ್ಪರ್ಧೆಯಲ್ಲಿ ಭಾರತ ೪–೧ರಿಂದ ಗೆದ್ದಿತು. ರಾಮ್‌ಕುಮಾರ್ ರಾಮನಾಥನ್ ಅವರು ಆ ತಂಡದ ಸಿಂಗಲ್ಸ್ ಆಟಗಾರರಲ್ಲಿ ಒಬ್ಬರಾಗಿದ್ದರು. ಪೇಸ್ ಅವರ ೪೩ನೆಯ ಗೆಲುವು ೨೦೧೮ರ ಏಪ್ರಿಲ್‌ನಲ್ಲಿ ಚೀನಾ ವಿರುದ್ಧ, ಬೋಪಣ್ಣ ಅವರ ಜೊತೆಯಲ್ಲಿಯೇ ಒದಗಿಬಂತು.

೨೦೧೯ರ ಡಿಸೆಂಬರ್ ೨೫ರಂದು ಪೇಸ್ ಅವರು ೨೦೨೦ ತಮ್ಮ ವೃತ್ತಿಜೀವನದ ಕೊನೆಯ ವರ್ಷವೆಂದು ಪ್ರಕಟಿಸಿದರು. 'ಒನ್ ಲಾಸ್ಟ್ ರೋರ್' ಎಂಬ ಹೆಸರಿನಲ್ಲಿ, ಅಂದರೆ ಕೊನೆಯದೊಂದು ಘರ್ಜನೆ ಎಂಬ ಅರ್ಥದಲ್ಲಿ, ಆಯ್ದ ಕೆಲವು ಪಂದ್ಯಾವಳಿಗಳಲ್ಲಷ್ಟೇ ಆಡುವ ಯೋಜನೆ ಅವರದಾಗಿತ್ತು. ತವರಿನಲ್ಲಿ ಅವರು ಫೆಬ್ರುವರಿಯ ಮೊದಲ ವಾರ ಪುಣೆಯಲ್ಲಿ ನಡೆದ ಎಟಿಪಿ ಪಂದ್ಯಾವಳಿಯಲ್ಲಿಯೂ, ಮರುವಾರ ಬೆಂಗಳೂರಿನಲ್ಲಿಯೂ ಆಡಿದರು.

ಅಂತಿಮ ಪಂದ್ಯ

ಅಂತಿಮ ಪಂದ್ಯವು ೨೦೨೦ರ ಫೆಬ್ರುವರಿ ೧೫, ಶನಿವಾರದಂದು ನಡೆಯಿತು. ಆಗ ಪೇಸ್ ಅವರ ವಯಸ್ಸು ೪೬, ಎಬ್ಡೆನ್ ಅವರದು ೩೨, ಪೂರವ್ ರಾಜಾ ಅವರದು ೩೪, ರಾಮ್‌ಕುಮಾರ್ ಅವರದು ೨೫. ಪೇಸ್ ಅವರು ಡೇವಿಸ್ ಕಪ್ ಆಡಲಾರಂಭಿಸಿದಾಗ ೧೯೯೪ರಲ್ಲಿ ಚೆನ್ನೈಯಲ್ಲಿ ಜನಿಸಿದ ರಾಮ್‌ಕುಮಾರ್ ಇನ್ನೂ ಹುಟ್ಟಿರಲಿಲ್ಲ. ಮುಂಬೈಯವರಾದ ಪೂರವ್ ರಾಜಾ ಅವರು ದಿವಿಜ್ ಶರಣ್ ಅವರ ಜೊತೆಗೂಡಿ ೨೦೧೩ರಲ್ಲಿ ಬೊಗೊಟಾ, ೨೦೧೬ರಲ್ಲಿ ಲಾಸ್ ಕಾಬೊಸ್ ಎಟಿಪಿ ಪ್ರಶಸ್ತಿಗಳನ್ನು ಗೆದ್ದಿದ್ದರು. ೨೦೧೮ರ ಬೆಂಗಳೂರು ಓಪನ್‌ನ ಡಬಲ್ಸ್ ಅಂತಿಮ ಪಂದ್ಯದಲ್ಲಿ ಸೋತಿದ್ದ ಅವರಿಗೆ ಇದು ಇಲ್ಲಿನ ಎರಡನೆಯ ಅವಕಾಶವಾಗಿತ್ತು.

ರಾಜಾ ಮತ್ತು ರಾಮ್‌ಕುಮಾರ್ ಜೋಡಿಯು ಮೊದಲ ಸೆಟ್ಟನ್ನು ೬–೦ರಿಂದ ತನ್ನದಾಗಿಸಿಕೊಂಡಿತು. ಇಂತಹ ಸೆಟ್‌ನಲ್ಲಿ ಎರಡೂ ಜೋಡಿಗಳು ಮೂರು ಮೂರು ಗೇಮ್‌ಗಳಲ್ಲಿ ಸರ್ವ್ ಮಾಡುತ್ತವೆ. ಆದಕಾರಣ ಪೇಸ್ ಮತ್ತು ಎಬ್ಡೆನ್ ತಮ್ಮ ಸರ್ವ್‌ನ ಮೂರೂ ಗೇಮ್‌ಗಳನ್ನು ಬಿಟ್ಟುಕೊಟ್ಟರು. ಎರಡನೆಯ ಸೆಟ್‌ನಲ್ಲಿ ಅವರು ಮೂರು ಗೇಮ್‌ಗಳನ್ನು ಗಳಿಸಿದರು. ೬–೩ರಿಂದ ಆ ಸೆಟ್ಟನ್ನೂ ಗೆದ್ದ ರಾಜಾ ಮತ್ತು ರಾಮ್‌ಕುಮಾರ್ ಹತ್ತು ಅಂಕಗಳ ಟೈಬ್ರೇಕ್‌ಗೆ ಎಡೆಗೊಡದೆ ಪಂದ್ಯವನ್ನು ಮುಗಿಸಿದರು. ಹಿರಿಯನ ಬೀಳ್ಕೊಡುಗೆಯ ಪಂದ್ಯವೆಂದು ಕಿರಿಯರು ಆಟವನ್ನು ಸಡಿಲಿಸಲಿಲ್ಲವೆಂಬುದನ್ನು ಅಂಕಪಟ್ಟಿಯೇ ಹೇಳುತ್ತದೆ. ಪೇಸ್ ಅವರು ತವರಿನ ಕೊನೆಯ ಪಂದ್ಯಾವಳಿಯಲ್ಲಿ ರನ್ನರ್ಸ್ ಅಪ್ ಆದರು.

ಆಟಗಾರರ ಮುಂದಿನ ಹಾದಿ

ಲಿಯಾಂಡರ್ ಪೇಸ್: ಮುಂದಿನ ತಿಂಗಳು, ಅಂದರೆ ೨೦೨೦ರ ಮಾರ್ಚ್‌ನಲ್ಲಿ, ಝಾಗ್ರೆಬ್‌ನಲ್ಲಿ ಕ್ರೊಯೇಷಿಯಾ ವಿರುದ್ಧ ನಡೆದ ಡೇವಿಸ್ ಕಪ್‌ನಲ್ಲಿ ಪೇಸ್ ಮತ್ತು ಬೋಪಣ್ಣ ಜೋಡಿಯು ಮಟೆ ಪಾವಿಚ್ ಮತ್ತು ಫ್ರಾಂಕೊ ಶ್ಕುಗರ್ ಅವರನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿತು. ಇದು ಡೇವಿಸ್ ಕಪ್ ಡಬಲ್ಸ್‌ನಲ್ಲಿ ಪೇಸ್ ಅವರ ೪೫ನೆಯ ಗೆಲುವು. ಆದರೆ ಭಾರತ ತಂಡವು ೧–೩ರಿಂದ ಸೋತಿತು. ಕೆಲವೇ ದಿನಗಳಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ವಿಶ್ವದಾದ್ಯಂತ ಟೆನಿಸ್ ಸ್ಥಗಿತಗೊಂಡಿತು, ಟೋಕಿಯೊ ಒಲಿಂಪಿಕ್ಸ್ ಮುಂದೂಡಲ್ಪಟ್ಟಿತು. ಬೀಳ್ಕೊಡುಗೆಯ ಯೋಜನೆ ಅರ್ಧದಲ್ಲಿಯೇ ನಿಂತುಹೋಯಿತು. ೨೦೨೪ರಲ್ಲಿ ವಿಜಯ್ ಅಮೃತರಾಜ್ ಅವರೊಂದಿಗೆ ಪೇಸ್ ಅವರಿಗೆ ಅಮೆರಿಕದ ನ್ಯೂಪೋರ್ಟ್‌ನಲ್ಲಿರುವ ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್ ಗೌರವ ಸಂದಿತು. ಈ ಗೌರವ ಪಡೆದ ಏಷ್ಯಾದ ಮೊದಲ ಪುರುಷರು ಇವರಿಬ್ಬರು.

ಮ್ಯಾಥ್ಯೂ ಎಬ್ಡೆನ್: ಬೆಂಗಳೂರಿನಲ್ಲಿ ಒಂದು ಸೆಟ್ಟನ್ನು ೦–೬ರಿಂದ ಕಳೆದುಕೊಂಡ ಎಬ್ಡೆನ್ ಅವರ ಪುರುಷರ ಡಬಲ್ಸ್‌ನ ದೊಡ್ಡ ಸಾಧನೆಗಳೆಲ್ಲವೂ ಆ ಬಳಿಕ ಬಂದವು. ೨೦೨೨ರಲ್ಲಿ ಮ್ಯಾಕ್ಸ್ ಪರ್ಸೆಲ್ ಅವರ ಜೊತೆ ವಿಂಬಲ್ಡನ್ ಗೆದ್ದರು. ೨೦೨೩ರಿಂದ ರೋಹನ್ ಬೋಪಣ್ಣ ಅವರ ಜೊತೆಗಾರರಾಗಿ, ೨೦೨೪ರ ಜನವರಿ ೨೭ರಂದು ಆಸ್ಟ್ರೇಲಿಯನ್ ಓಪನ್ ಅಂತಿಮ ಪಂದ್ಯದಲ್ಲಿ ಇಟಲಿಯ ಸಿಮೊನೆ ಬೊಲೆಲ್ಲಿ ಮತ್ತು ಆಂದ್ರೆಯಾ ವವಾಸ್ಸೊರಿ ಅವರನ್ನು ಸೋಲಿಸಿದರು. ಅದೇ ವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಾನ್ ಪಿಯರ್ಸ್ ಅವರೊಂದಿಗೆ ಚಿನ್ನದ ಪದಕ ಪಡೆದರು.

ರಾಮ್‌ಕುಮಾರ್ ರಾಮನಾಥನ್: ೨೦೨೨ರ ಜನವರಿಯಲ್ಲಿ ಬೋಪಣ್ಣ ಅವರ ಜೊತೆ ಅಡಿಲೇಡ್‌ನಲ್ಲಿ ತಮ್ಮ ಮೊದಲ ಎಟಿಪಿ ಟೂರ್ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಫೆಬ್ರುವರಿಯಲ್ಲಿ ಅದೇ ಜೋಡಿ ಪುಣೆಯಲ್ಲಿ ಪ್ರಶಸ್ತಿ ಪಡೆಯಿತು. ಅದರ ಮರುವಾರ ರಾಮ್‌ಕುಮಾರ್ ಅವರು ಸಾಕೇತ್ ಮೈನೇನಿ ಅವರ ಜೊತೆ ಬೆಂಗಳೂರಿನಲ್ಲಿ ಗೆದ್ದರು. ಇವರಿಬ್ಬರು ೨೦೨೩ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಡಬಲ್ಸ್‌ನಲ್ಲಿ ಬೆಳ್ಳಿಯ ಪದಕವನ್ನೂ ಪಡೆದರು.

ಬೆಂಗಳೂರು ಓಪನ್ ಡಬಲ್ಸ್ ಅಂತಿಮ ಪಂದ್ಯಗಳು (೨೦೧೭–೨೦೨೫)

೨೦೧೭: ಮಿಖಾಯಿಲ್ ಎಲ್ಗಿನ್ (ರಷ್ಯಾ) ಮತ್ತು ದಿವಿಜ್ ಶರಣ್ (ಭಾರತ) ವಿಜೇತರು, ಅವಳಿ ಸೋದರರಾದ ಇವಾನ್ ಸಬಾನೊವ್ ಮತ್ತು ಮಟೆಯ್ ಸಬಾನೊವ್ ರನ್ನರ್ಸ್ ಅಪ್.

೨೦೧೮: ಮ್ಯಾಕ್ಸ್ ಪರ್ಸೆಲ್ ಮತ್ತು ಲ್ಯೂಕ್ ಸ್ಯಾವಿಲ್ (ಆಸ್ಟ್ರೇಲಿಯಾ) ವಿಜೇತರು, ಪೂರವ್ ರಾಜಾ (ಭಾರತ) ಮತ್ತು ಆಂಟೊನಿಯೊ ಶಾಂಚಿಚ್ (ಕ್ರೊಯೇಷಿಯಾ) ರನ್ನರ್ಸ್ ಅಪ್.

೨೦೨೦: ಪೂರವ್ ರಾಜಾ ಮತ್ತು ರಾಮ್‌ಕುಮಾರ್ ರಾಮನಾಥನ್ (ಭಾರತ) ವಿಜೇತರು, ಲಿಯಾಂಡರ್ ಪೇಸ್ (ಭಾರತ) ಮತ್ತು ಮ್ಯಾಥ್ಯೂ ಎಬ್ಡೆನ್ (ಆಸ್ಟ್ರೇಲಿಯಾ) ರನ್ನರ್ಸ್ ಅಪ್.

೨೦೨೨, ಮೊದಲ ಪಂದ್ಯಾವಳಿ: ಸಾಕೇತ್ ಮೈನೇನಿ ಮತ್ತು ರಾಮ್‌ಕುಮಾರ್ ರಾಮನಾಥನ್ (ಭಾರತ) ವಿಜೇತರು, ಹ್ಯೂಗೊ ಗ್ರೆನಿಯೆ ಮತ್ತು ಅಲೆಕ್ಸಾಂಡ್ರ್ ಮುಲ್ಲರ್ (ಫ್ರಾನ್ಸ್) ರನ್ನರ್ಸ್ ಅಪ್.

೨೦೨೨, ಎರಡನೆಯ ಪಂದ್ಯಾವಳಿ: ಅರ್ಜುನ್ ಖಾಡೆ (ಭಾರತ) ಮತ್ತು ಅಲೆಕ್ಸಾಂಡರ್ ಎರ್ಲರ್ (ಆಸ್ಟ್ರಿಯಾ) ವಿಜೇತರು, ಸಾಕೇತ್ ಮೈನೇನಿ ಮತ್ತು ರಾಮ್‌ಕುಮಾರ್ ರಾಮನಾಥನ್ (ಭಾರತ) ರನ್ನರ್ಸ್ ಅಪ್.

೨೦೨೩: ಚುಂಗ್ ಯುನ್ ಸಿಯಾಂಗ್ (ದಕ್ಷಿಣ ಕೊರಿಯಾ) ಮತ್ತು ಶು ಯು ಶಿಯೊ (ಚೈನೀಸ್ ತೈಪೆ) ವಿಜೇತರು, ಅನಿರುದ್ಧ್ ಚಂದ್ರಶೇಖರ್ ಮತ್ತು ವಿಜಯ್ ಸುಂದರ್ ಪ್ರಶಾಂತ್ (ಭಾರತ) ರನ್ನರ್ಸ್ ಅಪ್.

೨೦೨೪: ಸಾಕೇತ್ ಮೈನೇನಿ ಮತ್ತು ರಾಮ್‌ಕುಮಾರ್ ರಾಮನಾಥನ್ (ಭಾರತ) ವಿಜೇತರು, ಮ್ಯಾಕ್ಸಿಮ್ ಜಾನ್ವಿಯೆ ಮತ್ತು ಕಾನ್‌ಸ್ಟಾಂಟಿನ್ ಕುಜ್ಮಿನ್ (ಫ್ರಾನ್ಸ್) ರನ್ನರ್ಸ್ ಅಪ್.

೨೦೨೫: ಅನಿರುದ್ಧ್ ಚಂದ್ರಶೇಖರ್ (ಭಾರತ) ಮತ್ತು ರೇ ಹೊ (ಚೈನೀಸ್ ತೈಪೆ) ವಿಜೇತರು, ಬ್ಲೇಕ್ ಬೇಲ್ಡನ್ ಮತ್ತು ಮ್ಯಾಥ್ಯೂ ರೊಮಿಯೊಸ್ (ಆಸ್ಟ್ರೇಲಿಯಾ) ರನ್ನರ್ಸ್ ಅಪ್.

ಈ ಪೈಕಿ ೨೦೨೨ರ ಎರಡನೆಯ ಪಂದ್ಯಾವಳಿ ಮತ್ತು ೨೦೨೩ರ ಅಂತಿಮ ಪಂದ್ಯಗಳು ಹತ್ತು ಅಂಕಗಳ ಟೈಬ್ರೇಕ್‌ನಲ್ಲಿ ತೀರ್ಮಾನವಾದವು. ೨೦೨೩ರಲ್ಲಿ ಅಲ್ಪದರಲ್ಲಿ ಪ್ರಶಸ್ತಿ ತಪ್ಪಿಸಿಕೊಂಡ ಅನಿರುದ್ಧ್ ಅವರು ಎರಡು ವರ್ಷಗಳ ಬಳಿಕ ಅದೇ ಅಂಕಣದಲ್ಲಿ ಗೆದ್ದರು. ಪರ್ಸೆಲ್ ಮತ್ತು ಸ್ಯಾವಿಲ್ ಜೋಡಿಯು ಬೆಂಗಳೂರಿನ ಗೆಲುವಿನ ಹದಿನಾಲ್ಕು ತಿಂಗಳ ಬಳಿಕ, ೨೦೨೦ರ ಆಸ್ಟ್ರೇಲಿಯನ್ ಓಪನ್ ಅಂತಿಮ ಪಂದ್ಯವನ್ನು ತಲುಪಿತು. ಪರ್ಸೆಲ್ ಅವರು ೨೦೨೩ರಲ್ಲಿ ಬೆಂಗಳೂರಿನ ಸಿಂಗಲ್ಸ್ ಪ್ರಶಸ್ತಿಯನ್ನೂ ಗೆದ್ದು, ೨೦೨೪ರಲ್ಲಿ ಜೋರ್ಡನ್ ಥಾಮ್ಸನ್ ಅವರ ಜೊತೆ ಅಮೆರಿಕ ಓಪನ್ ಡಬಲ್ಸ್ ಗೆದ್ದರು. ೨೦೨೩ರ ವಿಜೇತ ಶು ಯು ಶಿಯೊ ಅದೇ ವರ್ಷ ಹಾಂಗ್‌ಝೌನಲ್ಲಿ ಜೇಸನ್ ಜುಂಗ್ ಅವರೊಂದಿಗೆ ಮೈನೇನಿ ಮತ್ತು ರಾಮ್‌ಕುಮಾರ್ ಅವರನ್ನು ಸೋಲಿಸಿ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಪಡೆದರು.

ಭಾರತೀಯ ಟೆನಿಸ್‌ನಲ್ಲಿ ಡಬಲ್ಸ್‌ನ ಸ್ಥಾನ

ಮೇಲಿನ ಎಂಟು ಅಂತಿಮ ಪಂದ್ಯಗಳಲ್ಲಿ ಭಾರತೀಯ ಆಟಗಾರನಿಲ್ಲದ ಪಂದ್ಯ ಒಂದೂ ಇಲ್ಲ. ಆರು ಬಾರಿ ಕನಿಷ್ಠ ಒಬ್ಬ ಭಾರತೀಯನು ಪ್ರಶಸ್ತಿಯಲ್ಲಿ ಪಾಲು ಪಡೆದಿದ್ದಾನೆ. ಅದೇ ಎಂಟು ಆವೃತ್ತಿಗಳ ಸಿಂಗಲ್ಸ್ ವಿಭಾಗದ ಚಿತ್ರ ಬೇರೆಯಾಗಿದೆ. ೨೦೧೭ರಲ್ಲಿ ಸುಮಿತ್ ನಗಾಲ್ ಪ್ರಶಸ್ತಿ ಗೆದ್ದರು. ೨೦೧೮ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಅವರು ಸಾಕೇತ್ ಮೈನೇನಿ ಅವರನ್ನು ಸೋಲಿಸಿ ಪ್ರಶಸ್ತಿ ಪಡೆದರು. ಅಂದಿನಿಂದ ೨೦೨೫ರವರೆಗೆ ನಡೆದ ಆರು ಪಂದ್ಯಾವಳಿಗಳಲ್ಲಿ ಒಬ್ಬ ಭಾರತೀಯನೂ ಸಿಂಗಲ್ಸ್ ಅಂತಿಮ ಪಂದ್ಯವನ್ನು ತಲುಪಲಿಲ್ಲ.

ಈ ಅಂತರಕ್ಕೆ ಕಾರಣಗಳು ಆಟದ ಸ್ವರೂಪದಲ್ಲಿಯೂ ಇವೆ, ಆಟಗಾರನ ಬದುಕಿನಲ್ಲಿಯೂ ಇವೆ. ಸಿಂಗಲ್ಸ್‌ನಲ್ಲಿ ಮೇಲೇರಲು ತರಬೇತುದಾರ, ದೈಹಿಕ ಕ್ಷಮತೆಯ ತಜ್ಞ ಮತ್ತು ವರ್ಷವಿಡೀ ವಿದೇಶ ಪ್ರಯಾಣದ ವೆಚ್ಚ ಬೇಕು. ಈ ವೆಚ್ಚವನ್ನು ಚಾಲೆಂಜರ್ ಮಟ್ಟದ ಬಹುಮಾನದಿಂದ ಭರಿಸುವುದು ಕಷ್ಟ. ಡಬಲ್ಸ್‌ನಲ್ಲಿ ದೇಹಬಲದ ಕೊರತೆಯನ್ನು ಕೈಚಳಕ ಮತ್ತು ಅನುಭವಗಳು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತವೆ, ವೃತ್ತಿಜೀವನವೂ ದೀರ್ಘವಾಗುತ್ತದೆ. ತವರಿನಲ್ಲಿ ಚಾಲೆಂಜರ್ ಪಂದ್ಯಾವಳಿ ನಡೆದರೆ ಪ್ರಯಾಣದ ಖರ್ಚಿಲ್ಲದೆ ಅಂಕ ಗಳಿಸುವ ಅವಕಾಶ ಭಾರತೀಯರಿಗೆ ದೊರೆಯುತ್ತದೆ. ಮೈಸೂರಿನ ಪ್ರಜ್ವಲ್ ದೇವ್, ಕೊಡವ ಮನೆತನದ ನಿಕಿ ಪೂಣಚ್ಚ ಮೊದಲಾದ ಕರ್ನಾಟಕದ ಆಟಗಾರರು ಈ ಪಂದ್ಯಾವಳಿಯಲ್ಲಿ ಭಾಗವಹಿಸಿದ್ದಾರೆ.

ಡಬಲ್ಸ್ ಹಾದಿಯು ಎಲ್ಲಿಯವರೆಗೆ ಕರೆದೊಯ್ಯಬಲ್ಲುದು ಎಂಬುದಕ್ಕೆ ರೋಹನ್ ಬೋಪಣ್ಣ ಅವರು ಕರ್ನಾಟಕದ ಉದಾಹರಣೆಯಾಗಿದ್ದಾರೆ. ೧೯೮೦ರ ಮಾರ್ಚ್ ೪ರಂದು ಬೆಂಗಳೂರಿನಲ್ಲಿ ಹುಟ್ಟಿ ಕೊಡಗಿನಲ್ಲಿ ಬೆಳೆದ ಅವರು ೨೦೨೪ರ ಜನವರಿಯಲ್ಲಿ, ೪೩ನೆಯ ವಯಸ್ಸಿನಲ್ಲಿ, ಎಟಿಪಿ ಡಬಲ್ಸ್ ಕ್ರಮಾಂಕದಲ್ಲಿ ಮೊದಲ ಬಾರಿಗೆ ಅಗ್ರಸ್ಥಾನಕ್ಕೇರಿದರು. ಆ ಸ್ಥಾನಕ್ಕೆ ಮೊದಲ ಬಾರಿಗೆ ಏರಿದವರಲ್ಲಿ ಅವರೇ ಅತ್ಯಂತ ಹಿರಿಯರು. ಆ ಸಾಧನೆಯಲ್ಲಿ ಅವರ ಜೊತೆಗಾರರಾಗಿದ್ದವರು ನಾಲ್ಕು ವರ್ಷಗಳ ಹಿಂದೆ ಕಬ್ಬನ್ ಉದ್ಯಾನದಲ್ಲಿ ಪೇಸ್ ಅವರ ಪಕ್ಕದಲ್ಲಿ ನಿಂತು ಸೋತಿದ್ದ ಮ್ಯಾಥ್ಯೂ ಎಬ್ಡೆನ್.